ಪಿಂಗು ಪಾರ್ಟಿ ಆಡುವವರಿಗೆ ಒಂದು ಸಲಹೆ

ಮಂಜಿನ ಮೇಲೆ ಪೆಂಗ್ವಿನ್‌ಗಳ ಗೋಪುರ ಕಟ್ಟುವ ಈ ಕಾರ್ಡಿನ ಆಟವನ್ನು ರೂಪಿಸಿದವರು ಜರ್ಮನಿಯ ಆಟ ವಿನ್ಯಾಸಕ ರೈನರ್ ಕ್ನಿಜಿಯಾ. ಒಟ್ಟು 36 ಕಾರ್ಡು, ಐದು ಬಣ್ಣ. ಹಸಿರು 8, ಉಳಿದವು ಏಳೇಳು. ಮೇಲಿಡುವ ಕಾರ್ಡು ಕೆಳಗಿನ ಎರಡರಲ್ಲಿ ಒಂದರ ಬಣ್ಣಕ್ಕಾದರೂ ಹೊಂದಬೇಕು. ಇಡೋಕೆ ಜಾಗ ಸಿಗದಿದ್ದರೆ ಆ ಸುತ್ತಿನಿಂದ ಹೊರಗೆ, ಕೈಯಲ್ಲಿ ಉಳಿದ ಒಂದೊಂದು ಕಾರ್ಡೂ ದಂಡ.

ಜಾಸ್ತಿ ಜನ ತಮ್ಮಲ್ಲಿ ಹೆಚ್ಚಿರುವ ಬಣ್ಣವನ್ನೇ ಸುಮ್ನೆ ಇಳಿಸುತ್ತಾ ಹೋಗುತ್ತಾರೆ. ಹಾಗೆ ಮಾಡಬೇಡಿ. ಒಂದೇ ಒಂದಿರುವ ಬಣ್ಣವನ್ನು ಮೊದಲು ಇಳಿಸಿ. ಅದು ಯಾವಾಗ ಮುಚ್ಚಿಹೋಗುತ್ತದೋ ಹೇಳೋಕಾಗಲ್ಲ, ಅಲ್ವಾ?

ಇನ್ನೊಂದು ನನಗೆ ತುಂಬಾ ಇಷ್ಟದ ಉಪಾಯ. ನಿಮ್ಮ ಹತ್ತಿರ ನಾಲ್ಕು ಹಳದಿ ಇದೆ ಅಂದುಕೊಳ್ಳಿ. ಎರಡು ಹಳದಿಯನ್ನು ಅಕ್ಕಪಕ್ಕ ಕೂರಿಸಿ. ಅವುಗಳ ಮೇಲೆ ಹಳದಿ ಬಿಟ್ಟು ಬೇರೇನೂ ಕೂರಲ್ಲ. ಆ ಜಾಗ ಹೆಚ್ಚುಕಡಿಮೆ ನಿಮ್ಮದೇ.