ಮೂರು ಕೌಂಟರು, ಒಂದು ಅರ್ಜಿ

ಮದುವೆಯಾಗಿ, ಕೆಲಸದ ವೀಸಾ ಇರುವವರ ಹೆಂಡತಿಗೋ ಗಂಡನಿಗೋ ಕೊಡುವ ಎಚ್‌-4 ವೀಸಾದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದವಳು ನಾನು. ಆಗ ಕೆಲಸ ಮಾಡುವ ಹಾಗಿರಲಿಲ್ಲ, ಓದಬಹುದಿತ್ತು. ಬೇ ಏರಿಯಾದ ನಮ್ಮ ಎಷ್ಟೋ ಹೆಣ್ಣುಮಕ್ಕಳ ಹಾಗೆ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಕೋರ್ಸುಗಳ ಸರ್ಕಾರಿ ಕಾಲೇಜಿಗೆ, ಅಕೌಂಟಿಂಗ್ ಕಲಿಯಲು ಹೋದೆ. ರಾಜ್ಯದ ನಿವಾಸಿ ಅನ್ನಿಸಿಕೊಂಡರೆ ಯೂನಿಟ್ಟಿಗೆ, ಅಂದರೆ ಕೋರ್ಸಿನ ಒಂದು ಕ್ರೆಡಿಟ್ಟಿಗೆ, 46 ಡಾಲರ್. ಇಲ್ಲವಾದರೆ ಅದರ ಮೇಲೆ ಇನ್ನೂ ಕೆಲವು ನೂರು. ಕೌಂಟರಿನಾಕೆ ನನ್ನ ಹೆಸರಿನಲ್ಲೇ ಇರುವ ಎರಡು ದಾಖಲೆ ಕೇಳಿದಳು. ಬಾಡಿಗೆ ಕರಾರು ಗಂಡನ ಹೆಸರಲ್ಲಿ, ಕರೆಂಟ್ ಬಿಲ್ಲು ಗಂಡನ ಹೆಸರಲ್ಲಿ, ಕಾರೂ ಅವರದೇ. ನನ್ನ ಹೆಸರಿದ್ದದ್ದು ಇಬ್ಬರೂ ಸೇರಿ ಸಲ್ಲಿಸಿದ ತೆರಿಗೆ ರಿಟರ್ನಿನಲ್ಲಿ ಮಾತ್ರ. ಒಂದೇ ಆಯಿತು, ಸಾಲದು ಅಂದಳು.

ಅದೇ ಡಿಸ್ಟ್ರಿಕ್ಟಿನ (ಇಲ್ಲಿ ಕಾಲೇಜುಗಳನ್ನು ನಡೆಸುವ ಆಡಳಿತ ಘಟಕಕ್ಕೆ ಹಾಗೆನ್ನುತ್ತಾರೆ) ಇನ್ನೊಂದು ಕಾಲೇಜಿಗೆ ಅವೇ ಕಾಗದ ಹಿಡಿದು ಹೋದೆ. ಅಲ್ಲಿಯವರು ರಿಟರ್ನಿನ ಜೊತೆ ಮದುವೆ ಸರ್ಟಿಫಿಕೇಟ್ ಇಟ್ಟುಕೊಂಡು, ಬಾಡಿಗೆ ಕರಾರನ್ನೂ ಒಪ್ಪಿ, ಹತ್ತು ನಿಮಿಷದಲ್ಲಿ ನನ್ನನ್ನು ನಿವಾಸಿ ಮಾಡಿ ಕಳಿಸಿದರು. ಆವತ್ತು ಖುಷಿಯೇ ಆಗಿತ್ತು. ಮೊದಲ ಕೌಂಟರಿನಿಂದ ಮನೆಗೆ ವಾಪಸ್ ಹೋದವರು ಎಷ್ಟು ಜನವೋ ಅನ್ನುವ ಯೋಚನೆ ಬಂದದ್ದು ನಾನೇ ಕೌಂಟರಿನ ಆಚೆ ಬದಿಗೆ ಕೂತ ಮೇಲೆ.

ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಎಚ್‌-4ನವರಿಗೂ ಕೆಲಸದ ಪರವಾನಗಿ ಕೊಡುವುದು 2015ರಲ್ಲಿ ಶುರುವಾಯಿತು. ನನಗೂ ಸಿಕ್ಕಿತು. ಓದಿದ ಕಡೆಯೇ, ಪ್ರವೇಶ ಮತ್ತು ದಾಖಲೆಗಳ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಈ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ, ಅವನ್ನು ನಡೆಸುವುದು 73 ಡಿಸ್ಟ್ರಿಕ್ಟುಗಳು. ಹೆಚ್ಚುಕಡಿಮೆ ಪ್ರತಿಯೊಂದಕ್ಕೂ ಜನ ಆರಿಸಿದ ತನ್ನದೇ ಆಡಳಿತ ಮಂಡಳಿ. ನಿಯಮ ಎಲ್ಲರಿಗೂ ಒಂದೇ, ಓದುವ ಕಣ್ಣು ಬೇರೆ ಬೇರೆ. ನಮ್ಮ ಡಿಸ್ಟ್ರಿಕ್ಟಿನಲ್ಲಿ ಮೂರು ಕಾಲೇಜು.

2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಕೌಂಟರುಗಳು ಮುಚ್ಚಿದಾಗ ಹುಳುಕು ಹೊರಬಿತ್ತು. ತರಗತಿ ಬಿಡಬೇಕಾದವರಿಗೆ ಅಂಕಕ್ಕೆ ಪೆಟ್ಟು ಬೀಳದ ಹಾಗೆ ‘ಇಡಬ್ಲ್ಯು’ (ಎಕ್ಸ್‌ಕ್ಯೂಸ್ಡ್ ವಿತ್‌ಡ್ರಾವಲ್) ಅಂತ ದಾಖಲಿಸುವ ದಾರಿ ಇತ್ತು. ಒಂದೇ ವಾರದಲ್ಲಿ ಮೂರು ಕಾಲೇಜು ಮೂರು ಆನ್‌ಲೈನ್ ಅರ್ಜಿ ಮಾಡಿದವು. ಒಂದರಲ್ಲಿ ಎರಡು ಸಾಲು ಕಾರಣ ಬರೆದರೆ ಸಾಕು, ಇನ್ನೊಂದಕ್ಕೆ ಪಾಠ ಮಾಡಿದವರ ಸಹಿ, ಮತ್ತೊಂದಕ್ಕೆ ಕೌನ್ಸಿಲರ್, ಅಂದರೆ ವಿದ್ಯಾರ್ಥಿಗಳಿಗೆ ಓದಿನ ಬಗ್ಗೆ ಸಲಹೆ ಕೊಡುವವರ, ಸಹಿ. ಎರಡು ಕಾಲೇಜಿನಲ್ಲಿ ಒಟ್ಟಿಗೆ ಓದುವ ಮಕ್ಕಳು ಬೇಕಾದಷ್ಟು ಇದ್ದಾರೆ. ಅವರ ಇಮೇಲ್‌ಗಳನ್ನು ಓದಿದರೆ ಸಂಕಟವಾಗುತ್ತಿತ್ತು. ಮುಂದಿನ ವರ್ಷ ಎಲ್ಲವನ್ನೂ ಒಂದೇ ಪದ್ಧತಿಗೆ ತರುವ ತಂಡದಲ್ಲಿ ನನ್ನನ್ನೂ ಹಾಕಿದರು.

ಮೊದಲ ಕೆಲವು ತಿಂಗಳು ದಂಡ. ಡೀನ್‌ಗಳು ಕೂತು ಅರ್ಜಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬಾಣದ ಗುರುತಿನ ನಕ್ಷೆ ಬರೆದರು. ಮೂರು ಕಾಲೇಜಿನ ನಕ್ಷೆಯೂ ಹೆಚ್ಚುಕಡಿಮೆ ಒಂದೇ ಥರ ಇತ್ತು! ಹಾಗಾದರೆ ಜಗಳ ಎಲ್ಲಿ? ಕೌಂಟರು ಮತ್ತೆ ತೆರೆದ ಮೇಲೆ ಒಂದೊಂದು ಕಡೆ ಒಂದು ವಾರ ಸುಮ್ಮನೆ ಕೂರುತ್ತೇನೆ ಅಂತ ಕೇಳಿಕೊಂಡೆ. ಕೂತ ಮೊದಲ ದಿನವೇ ಕಣ್ಣಿಗೆ ಬಿದ್ದದ್ದು ಕಂಪ್ಯೂಟರ್ ಪರದೆಯ ಅಂಚಿಗೆ ಅಂಟಿಸಿದ ಹಳದಿ ಚೀಟಿಗಳು. ಕಚೇರಿ ನಡೆಯುತ್ತಿದ್ದದ್ದು ಅವುಗಳ ಮೇಲೆ. ಎಲ್ಲವನ್ನೂ ನಕಲು ಮಾಡಿ ತಂದೆ, ಒಂದು ಶೂ ಡಬ್ಬಿ ತುಂಬಿತು.

ನನ್ನನ್ನು ವಾಪಸ್ ಕಳಿಸಿದ್ದ ಚೀಟಿಯೂ ಅಲ್ಲಿತ್ತು: ‘ಎರಡು ದಾಖಲೆ, ವಿದ್ಯಾರ್ಥಿಯ ಹೆಸರಲ್ಲೇ.’ ಯಾರು ಬರೆದದ್ದು ಅಂತ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಹಳಬರೊಬ್ಬರು ನೆನಪು ಮಾಡಿಕೊಂಡರು: ಯಾವಾಗಲೋ ಆಡಿಟ್‌ನವರು ಒಂದು ಫೈಲು ತೆಗೆದು ಪ್ರಶ್ನೆ ಕೇಳಿದ್ದರಂತೆ, ಮಾರನೆಯ ದಿನ ಚೀಟಿ ಅಂಟಿತಂತೆ. ರಾಜ್ಯದ ನಿಯಮಾವಳಿ, ಅಂದರೆ ಟೈಟಲ್ 5, ಕೇಳುವುದು ಒಂದು ವರ್ಷದ ವಾಸ ಮತ್ತು ಇಲ್ಲೇ ನೆಲೆಸುವ ಉದ್ದೇಶ. ಉದ್ದೇಶಕ್ಕೆ ಯಾವುದೇ ಒಂದು ಅಂಶವೇ ನಿರ್ಣಾಯಕವಲ್ಲ ಅಂತಲೂ ಹೇಳುತ್ತದೆ. ‘ವಿದ್ಯಾರ್ಥಿಯ ಹೆಸರಲ್ಲೇ’ ಅನ್ನುವುದು ಯಾರೋ ಒಮ್ಮೆ ಕೈ ಸುಟ್ಟುಕೊಂಡದ್ದರ ಗುರುತು, ಅಷ್ಟೇ.

ಚೀಟಿ ಕಿತ್ತರೆ ಆಡಿಟ್ ಭಯ ಹೋಗುವುದಿಲ್ಲವಲ್ಲ. ಇಲ್ಲಿ ನನಗೆ ನೆರವಾದದ್ದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ. ಕಡತದ ಟಿಪ್ಪಣಿ ಹಾಳೆಯಲ್ಲಿ ಏನು ನೋಡಿದೆ, ಯಾಕೆ ಒಪ್ಪಿದೆ ಅಂತ ಬರೆಯದೆ ಅವರು ಯಾವ ಕಾಗದವನ್ನೂ ಮೇಲಕ್ಕೆ ಕಳಿಸುತ್ತಿರಲಿಲ್ಲ. ಹೊಸ ಅರ್ಜಿಯಲ್ಲಿ ಅಂಥದೇ ಒಂದು ಖಾನೆ ಇಟ್ಟೆ: ಯಾವ ಕಾಗದ ನೋಡಿದಿರಿ, ಯಾಕೆ ಸಾಕು ಅನ್ನಿಸಿತು, ಒಂದು ಸಾಲು. ಕೆಲಸ ಜಾಸ್ತಿ ಆಯಿತು ಅಂತ ಕೌಂಟರಿನವರು ಗೊಣಗಿದರು. ಆದರೆ ತಮ್ಮ ತೀರ್ಮಾನಕ್ಕೆ ಬರಹದ ಆಸರೆ ಇದೆ ಅಂತಾದ ಮೇಲೆ ಗಂಡನ ಹೆಸರಿನ ಕರಾರನ್ನು ಒಪ್ಪಲು ಕೈ ನಡುಗುವುದು ನಿಂತಿತು.

ಇಷ್ಟಕ್ಕೇ ಉಬ್ಬಿಹೋಗಿ ಒಂದು ತಪ್ಪು ಮಾಡಿದೆ. ತರಗತಿ ಬಿಡುವ ಅರ್ಜಿಗೆ ಒಂದು ಕಾಲೇಜಿನಲ್ಲಿ ಮಾತ್ರ ಕೌನ್ಸಿಲರ್ ಸಹಿ ಬೇಕಿತ್ತು. ಉಳಿದೆರಡು ಕಡೆ ಇಲ್ಲದೆಯೂ ನಡೆಯುತ್ತಿದೆ, ಬರೀ ತಡ ಅಂತ ನಾನೇ ವಾದಿಸಿ ತೆಗೆಸಿದೆ. ಆ ಟರ್ಮಿನಲ್ಲೇ ಎಫ್‌-1 ವಿದ್ಯಾರ್ಥಿ ವೀಸಾದ ಹುಡುಗನೊಬ್ಬ ರಾತ್ರಿ ಮನೆಯಲ್ಲಿ ಕೂತು ಗಣಿತದ ಕ್ಲಾಸು ಬಿಟ್ಟ. ಅವನ ಬಳಿ ಉಳಿದದ್ದು 9 ಯೂನಿಟ್. ಎಫ್‌-1ನವರು ಟರ್ಮಿಗೆ 12 ಯೂನಿಟ್ ಓದಲೇಬೇಕು; ಕಡಿಮೆ ಮಾಡುವುದಿದ್ದರೆ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಬೇಕು, ಇಲ್ಲವಾದರೆ ವೀಸಾ ಸ್ಥಿತಿಗೇ ಕುತ್ತು. ಆ ಕಾಲೇಜಿನಲ್ಲಿ ಅಂಥ ಮಕ್ಕಳು ಹೆಚ್ಚು. ಸಹಿ ಹಾಕುವ ನೆಪದಲ್ಲಿ ಕೌನ್ಸಿಲರ್‌ಗಳು ಎಣಿಸುತ್ತಿದ್ದದ್ದು ಇದನ್ನೇ. ಯಾವ ನಕ್ಷೆಯಲ್ಲೂ ಇರಲಿಲ್ಲ, ಚೀಟಿಯಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು. ನಾನು ಕೂತದ್ದು ಕೌಂಟರುಗಳಲ್ಲಿ, ಕೌನ್ಸಿಲರ್ ಕೋಣೆಗೆ ಹೋಗಿಯೇ ಇರಲಿಲ್ಲ.

ಅದೃಷ್ಟಕ್ಕೆ ಎರಡೇ ದಿನದಲ್ಲಿ ಗೊತ್ತಾಯಿತು, ಅದೇ ಟರ್ಮಿನ ತಡವಾಗಿ ಶುರುವಾಗುವ ಒಂದು ಕ್ಲಾಸಿಗೆ ಅವನನ್ನು ಸೇರಿಸಿದೆವು. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಸಹಿಯನ್ನು ವಾಪಸ್ ತರಲಿಲ್ಲ. ಈಗ ಎಫ್‌-1 ವಿದ್ಯಾರ್ಥಿ ಅರ್ಜಿ ತೆರೆದು 12ಕ್ಕಿಂತ ಕೆಳಗೆ ಹೋಗಲು ನೋಡಿದರೆ ಕೆಂಪು ಗೆರೆ ಬರುತ್ತದೆ, ಅರ್ಜಿ ಅಲ್ಲಿಗೇ ನಿಂತು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗುತ್ತದೆ. ಮೂರು ಕಾಲೇಜಿಗೂ.

ಎಲ್ಲವನ್ನೂ ಒಂದು ಮಾಡಲಿಲ್ಲ. ರಾತ್ರಿ ತರಗತಿ ಹೆಚ್ಚಿರುವ ಕಾಲೇಜಿನ ಕೌಂಟರು ಸಂಜೆ ಏಳರವರೆಗೆ ತೆರೆದಿರುತ್ತದೆ, ಹಾಗೇ ಇರಲಿ ಅಂದೆವು. ಪಾಠಕ್ಕೆ ಸಂಬಂಧಿಸಿದ್ದನ್ನು ಮುಟ್ಟುವ ಗೋಜಿಗೇ ಹೋಗಲಿಲ್ಲ, ಅದು ಅಧ್ಯಾಪಕರ ಸೆನೆಟ್‌ನ ಹಕ್ಕು. ಇಡೀ ರಾಜ್ಯಕ್ಕೆ ಒಂದೇ ಕೋರ್ಸ್ ಸಂಖ್ಯೆ ತರುವ ಎಬಿ 1111 ಕಾನೂನು 2021ರಲ್ಲಿ ಬಂತು; ಆ ಗುದ್ದಾಟವನ್ನು ಅವರು ನೋಡಿಕೊಳ್ಳಲಿ.

ಹೋದ ತಿಂಗಳು ಒಂದು ಕೌಂಟರಿಗೆ ಹೋಗಿದ್ದೆ. ಪರದೆಯ ಅಂಚಿನಲ್ಲಿ ಹೊಸ ಹಳದಿ ಚೀಟಿ: ‘ಕೆಂಪು ಗೆರೆ ಬಂದರೆ ಫೋನ್ ಮಾಡಿ.’ ಅರ್ಜಿ ತಾನಾಗಿಯೇ ಹೋಗುತ್ತದಲ್ಲ, ಫೋನ್ ಯಾಕೆ ಅಂತ ಕೇಳಿದೆ. ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯವರು ಅರ್ಜಿಗಳು ಬಂದು ಬೀಳುವ ಪೆಟ್ಟಿಗೆ (ಇನ್‌ಬಾಕ್ಸ್) ತೆರೆದು ನೋಡುವುದು ದಿನಕ್ಕೆ ಒಂದೇ ಸಲವಂತೆ, ಅದೂ ಬೆಳಿಗ್ಗೆ. ಚೀಟಿಯ ಫೋಟೊ ತೆಗೆದುಕೊಂಡು ಬಂದಿದ್ದೇನೆ. ಉಳಿದೆರಡು ಕಡೆ ಪೆಟ್ಟಿಗೆಯನ್ನು ಯಾವಾಗ ತೆರೆಯುತ್ತಾರೋ ಈ ವಾರ ಹೋಗಿ ನೋಡಬೇಕು.