ಗುಂಡಿಗೆ ನೀರು ನುಗ್ಗಿದಾಗ ಜೊತೆಗೆ ನಿಂತವರು

2022ರ ಸೆಪ್ಟೆಂಬರ್ 4, ಭಾನುವಾರ. ನಡುರಾತ್ರಿ ದಾಟಿದ ಮೇಲೆ ಫೋನ್ ಬಂತು. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ನಾವು ಕಟ್ಟುತ್ತಿದ್ದ ಕಟ್ಟಡದ ಸೈಟ್ ಪಕ್ಕದ ಅಪಾರ್ಟ್‌ಮೆಂಟ್ ಸೆಕ್ಯೂರಿಟಿಯವರು. "ಸಾರ್, ರಸ್ತೆ ನೀರು ನಿಮ್ಮ ಗೇಟ್ ದಾಟ್ತಾ ಇದೆ. ಶೆಡ್ಡಲ್ಲಿ ಜನ ಮಲಗಿದ್ದಾರೆ, ಬೇಗ ನೋಡಿ."

ತಕ್ಷಣ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಎಲ್ಲರನ್ನೂ ಎಬ್ಬಿಸಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಎತ್ತರದಲ್ಲಿದ್ದ ಸಿಮೆಂಟ್ ಗೋಡೌನ್‌ಗೆ ಕರೆದೊಯ್ದರು. ಬೆಳಗಾಗುವಷ್ಟರಲ್ಲಿ ಮೂರು ಬೇಸ್‌ಮೆಂಟ್‌ಗೆಂದು ತೋಡಿದ್ದ ಗುಂಡಿ ಕೆರೆಯಾಗಿತ್ತು. ಒಬ್ಬರಿಗೂ ಏನೂ ಆಗಲಿಲ್ಲ.

ಆ ಸೆಕ್ಯೂರಿಟಿಯವರ ಹತ್ತಿರ ನನ್ನ ನಂಬರ್ ಸುಮ್ನೆ ಇರಲಿಲ್ಲ. ಅಗೆಯುವ ಮುಂಚೆಯೇ ಅಕ್ಕಪಕ್ಕದ ಗೋಡೆಗಳ ಒಂದೊಂದು ಬಿರುಕನ್ನೂ ಫೋಟೊ ತೆಗೆದು, ತಾರೀಕು ಹಾಕಿ, ಒಂದು ಪ್ರತಿ ಅಲ್ಲಿನ ನಿವಾಸಿಗಳಿಗೇ ಕೊಟ್ಟಿದ್ದೆವು. ಹಳೇ ಬಿರುಕುಗಳ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿದ್ದೆವು. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆಯುತ್ತದೆ. ತಿಂಗಳಿಗೊಮ್ಮೆ ಅವರ ಅಸೋಸಿಯೇಷನ್ ಹಾಲ್‌ನಲ್ಲಿ ಕೂರುತ್ತಿದ್ದೆವು. ಧೂಳಿನ ದೂರೇ ಜಾಸ್ತಿ. ಅದು ನ್ಯಾಯವಾದ ದೂರು, ಅಲ್ವಾ?

ಮಳೆ ನಿಂತ ಮೇಲೆ ಮಾಲೀಕರ ಕಡೆಯವರು ಎರಡೇ ದಿನದಲ್ಲಿ ನೀರೆಲ್ಲ ತೆಗೆಯಿರಿ ಎಂದರು. ಬ್ಯಾಂಕ್ ಬಡ್ಡಿ ಓಡುತ್ತಿತ್ತು, ಅವರ ಆತುರ ನನಗೂ ಅರ್ಥವಾಗುತ್ತಿತ್ತು. ಆದರೆ ನಮ್ಮ ಮಣ್ಣಿನ ತಜ್ಞರು ಟ್ರ್ಯಾಕ್ಟರ್ ಹತ್ತಿ ಬಂದು, ಗುಂಡಿಯ ಅಂಚಿನಲ್ಲಿ ನಿಂತು ಹೇಳಿದರು: "ಈಗ ಒಳಗಿರೋ ನೀರೇ ಗುಂಡಿಯ ಗೋಡೆಗೆ ಆಸರೆ. ಹಿಂದಿನ ಮಣ್ಣು ನೆನೆದು ಭಾರವಾಗಿದೆ. ಒಂದೇ ಸಲ ಖಾಲಿ ಮಾಡಿದ್ರೆ ಗೋಡೆ ಒಳಕ್ಕೆ ಬರುತ್ತೆ, ಪಕ್ಕದವರ ಕಾಂಪೌಂಡೂ ಬರುತ್ತೆ. ದಿನಕ್ಕೆ ಅರ್ಧ ಮೀಟರ್ ಸಾಕು." ಮಾಲೀಕರು ಒಂದು ರಾತ್ರಿ ಯೋಚಿಸಿ ಒಪ್ಪಿದರು. ಇಡೀ ಕೆಲಸದಲ್ಲಿ ಅತಿ ದೊಡ್ಡ ತೀರ್ಮಾನ ಅದೇ ಎಂದು ನಾನು ಇವತ್ತಿಗೂ ನಂಬುತ್ತೇನೆ.

ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದರು. ದಿನಾ ಬೆಳಗ್ಗೆ ಆರಕ್ಕೆ ಟಾರ್ಚ್ ಹಿಡಿದು ಗಾಜಿನ ಪಟ್ಟಿಗಳ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು. ಆರನೇ ದಿನದ ಫೋಟೊದಲ್ಲಿ ಒಂದು ಪಟ್ಟಿಯ ನಡುವೆ ಸಣ್ಣ ಗೆರೆ. ಹಿಂದೆಯೇ ಫೋನ್: "ನಿನ್ನೆ ಇದು ಇರಲಿಲ್ಲಪ್ಪ." ಪಂಪ್‌ಗಳನ್ನೆಲ್ಲ ನಿಲ್ಲಿಸಿದೆವು. ಎರಡು ದಿನ ಕಾದು, ಹಿಂದಿನ ಮಣ್ಣಿನ ನೀರು ಇಳಿದದ್ದನ್ನು ನೋಡಿ, ಕಾಲು ಮೀಟರ್ ಲೆಕ್ಕದಲ್ಲಿ ಮತ್ತೆ ಶುರು ಮಾಡಿದೆವು. ಅಲ್ಲಿಂದ ಮುಂದೆ ಯಾವ ಪಟ್ಟಿಯೂ ಒಡೆಯಲಿಲ್ಲ.

ಅದೇ ಮಳೆಗೆ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪ್‌ಹೌಸ್‌ಗೂ ನೀರು ನುಗ್ಗಿ, ನಗರಕ್ಕೆ ಕಾವೇರಿ ನೀರು ಏರುಪೇರಾಗಿತ್ತು. ನಮಗೆ ಟ್ಯಾಂಕರ್ ಸಿಗದ ಮೂರು ದಿನ ಪಕ್ಕದವರೇ ಕುಡಿಯುವ ನೀರಿನ ಕ್ಯಾನ್ ಕೊಟ್ಟರು.

ಕೆಲಸ ನಿಂತಷ್ಟು ದಿನವೂ ಕೂಲಿ ಕೊಡಬೇಕೆಂದು ನಾನು ಹಟ ಹಿಡಿದೆ. 2020ರ ಲಾಕ್‌ಡೌನ್‌ನಲ್ಲಿ ಚಿಕ್ಕಬಾಣಾವರ, ಮಾಲೂರು ಸ್ಟೇಷನ್‌ಗಳಿಂದ ರೈಲು ಹತ್ತಿ ಊರಿಗೆ ಹೋದ ಕೂಲಿ ಜನರನ್ನು ನಾನು ಮರೆತಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಕಂಬಿ ಬಗ್ಗಿಸಿ ಕಟ್ಟುವ ಬಾರ್ ಬೆಂಡರ್‌ಗಳೇ ಸಿಕ್ಕಿರಲಿಲ್ಲ. ಈ ಸಲ ಕಂಟ್ರಾಕ್ಟರ್ ಅರ್ಧ, ಮಾಲೀಕರು ಅರ್ಧ ಹಾಕಿದರು. ಯಾರೂ ಊರಿಗೆ ಹೋಗಲಿಲ್ಲ. ಕೆಸರು ಮೆತ್ತಿದ ಕಂಬಿಗಳನ್ನು ಜೆಟ್ ನೀರಿನಲ್ಲಿ ತೊಳೆದು, ಬ್ರಷ್ ಹಾಕಿ ತಿಕ್ಕಿದ್ದು ಅದೇ ಜನ. ಇನ್ಶೂರೆನ್ಸ್‌ಗೆ ಮೊದಲ ದಿನವೇ ಫೋಟೊ ಸಮೇತ ತಿಳಿಸಿದ್ದರಿಂದ ಆ ಕಡೆ ತೊಂದರೆ ಆಗಲಿಲ್ಲ.

ಮರು ತಿಂಗಳು ರಾಫ್ಟ್ ಕಾಂಕ್ರೀಟ್, ಅಂದರೆ ಇಡೀ ಕಟ್ಟಡದ ಅಡಿಗೆ ಹಾಸುವ ದಪ್ಪ ತಳಪಾಯ. ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವ ಹಾಗಿಲ್ಲ, ರಾತ್ರಿಯಿಡೀ ಮಿಕ್ಸರ್ ಲಾರಿಗಳ ಸದ್ದು. ಅಸೋಸಿಯೇಷನ್‌ಗೆ ಹೋಗಿ ಕೇಳಿದೆ. "ಒಂದು ರಾತ್ರಿ ತಾನೇ, ಮುಗಿಸಿಕೊಳ್ಳಿ" ಎಂದರು. ಬೆಳಗ್ಗೆ ಆರಕ್ಕೆ ಟೀಚರ್ ಫೋಟೊ ಬಂತು. ಪಟ್ಟಿಗಳೆಲ್ಲ ಹಾಗೇ ಇದ್ದವು.