ದೀಪ ಆರಿಸುವುದು ಸುಲಭ, ಮತ್ತೆ ಹಚ್ಚುವಾಗ ಜೋಪಾನ

ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಒಂದು ವರ್ಷ ಅರ್ತ್ ಅವರ್ ಆಚರಿಸಿದೆವು, ಅಂದರೆ ಒಂದು ಗಂಟೆ ದೀಪ ಆರಿಸುವ ಕಾರ್ಯಕ್ರಮ. ರಾತ್ರಿ 8:30ಕ್ಕೆ ಸುಮಾರು ಮನೆಗಳವರು ಮೇನ್ ಸ್ವಿಚ್ಚನ್ನೇ ಇಳಿಸಿದರು. 9:30ಕ್ಕೆ ಸೀಟಿ ಊದಿದ ಕೂಡಲೇ ಎಲ್ಲರೂ ಒಟ್ಟಿಗೆ ಏರಿಸಿದರು. ಬೀದಿಯ ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿಯ ಫ್ಯೂಸ್ ಹೋಯಿತು. ಹನಿಯುವ ಮಳೆಯಲ್ಲಿ ಲೈನ್‌ಮನ್ ಕಂಬ ಹತ್ತಬೇಕಾಯಿತು. ಅದು ನನಗೆ ಇವತ್ತಿಗೂ ಬೇಸರ. ಕರೆಂಟ್ ಉಳಿಸಲೇಬೇಕು, ಆದರೆ ಹೀಗೆ ಮಾಡಬೇಡಿ.

1. ಏನು ಆರಿಸಬೇಕೆಂದು ಮೊದಲೇ ಹೇಳಿ. ದೀಪ ಮತ್ತು ಟಿವಿ ಸಾಕು. ಫ್ರಿಜ್, ಫ್ಯಾನ್ ಓಡುತ್ತಿರಲಿ. ಮೇನ್ ಸ್ವಿಚ್ ಮುಟ್ಟಲೇಬೇಡಿ. ಅದನ್ನು ಇಳಿಸಿದರೆ ಇನ್ವರ್ಟರ್ ಬ್ಯಾಟರಿ ಖಾಲಿ ಮಾಡುತ್ತದೆ, ಆಮೇಲೆ ಅದನ್ನು ತುಂಬಲು ಬ್ಯಾಟರಿ ಕೊಟ್ಟಿದ್ದಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ.

2. ಸಾಲು ಸಾಲಾಗಿ, ಐದೈದು ನಿಮಿಷ ಬಿಟ್ಟು ಆರಿಸಿ. ಕರೆಂಟನ್ನು ತಂತಿಯಲ್ಲಿ ಕೂಡಿಡಲು ಆಗುವುದಿಲ್ಲ. ಬಳಸಿದಷ್ಟನ್ನೇ ಆ ಕ್ಷಣಕ್ಕೆ ತಯಾರಿಸಬೇಕು. ಬಳಕೆ ದಿಢೀರ್ ಇಳಿದರೆ ಜನರೇಟರುಗಳ ವೇಗ ಏರುತ್ತದೆ, 50 ಹರ್ಟ್ಜ್ ಇರಬೇಕಾದ ಆವರ್ತನವೂ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಹರಿಯುತ್ತದೆ ಎಂಬ ಲೆಕ್ಕ) ಏರುತ್ತದೆ. 2020ರ ಏಪ್ರಿಲ್ 5ರ ರಾತ್ರಿ 9ಕ್ಕೆ ದೇಶವೇ 9 ನಿಮಿಷ ದೀಪ ಆರಿಸಿತಲ್ಲ, ಆಗ 12-14 ಸಾವಿರ ಮೆಗಾವಾಟ್ ಇಳಿಯಬಹುದೆಂದು ಅಂದಾಜಿತ್ತು. ಇಳಿದದ್ದು 31 ಸಾವಿರಕ್ಕೂ ಜಾಸ್ತಿ. ನಮ್ಮ ಶರಾವತಿ ಘಟಕದ ಸಾಮರ್ಥ್ಯ 1,035 ಮೆಗಾವಾಟ್. ಅಂಥ 30 ಘಟಕ ಒಮ್ಮೆಲೇ ಬೇಡವಾದಂತೆ! ಆವರ್ತನ 50.26ಕ್ಕೆ ಹೋಯಿತು. ಮೊದಲೇ ತಯಾರಾಗಿದ್ದ ಜಲವಿದ್ಯುತ್ ಘಟಕಗಳು ಕಾಪಾಡಿದವು. ನೀರಿನ ಬಾಗಿಲನ್ನು ನಿಮಿಷಗಳಲ್ಲಿ ಮುಚ್ಚಿ ತೆರೆಯಬಹುದು, ಕಲ್ಲಿದ್ದಲ ಬಾಯ್ಲರ್ ಹಾಗೆ ಬಗ್ಗುವುದಿಲ್ಲ.

ಒಂದು ಬಡಾವಣೆಯಿಂದ ಗ್ರಿಡ್, ಅಂದರೆ ದೇಶದ ವಿದ್ಯುತ್ ಜಾಲ, ಅಲುಗಾಡುವುದಿಲ್ಲ, ನಿಜ. ಪೆಟ್ಟು ಬೀಳುವುದು ನಮ್ಮ ಬೀದಿಯ ಟಿಸಿಗೆ.

3. ಮತ್ತೆ ಹಚ್ಚುವುದು. ಎಲ್ಲರೂ ಎಡವುವುದು ಇಲ್ಲೇ. ಮಾಮೂಲಿ ದಿನ ಒಂದು ಮನೆಯ ಫ್ರಿಜ್ ಓಡುವಾಗ ಪಕ್ಕದ ಮನೆಯದು ಸುಮ್ನೆ ನಿಂತಿರುತ್ತದೆ. ಟಿಸಿ ಹಾಕುವಾಗಲೂ ಎಲ್ಲವೂ ಒಟ್ಟಿಗೆ ಓಡುವುದಿಲ್ಲ ಎಂಬುದೇ ಲೆಕ್ಕ. ಒಂದು ಗಂಟೆ ಕರೆಂಟ್ ಇಲ್ಲದಿದ್ದರೆ ಎಲ್ಲ ಫ್ರಿಜ್‌ಗಳೂ ಬೆಚ್ಚಗಾಗಿ ಒಟ್ಟಿಗೆ ಶುರುವಾಗುತ್ತವೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಜೊತೆಗೆ ಪಂಪ್, ಇನ್ವರ್ಟರ್. ಫ್ಯೂಸ್ ಎಷ್ಟಂತ ತಾಳೀತು, ಅಲ್ವಾ?

ಅದಕ್ಕೇ 9:30ಕ್ಕೆ ಮೊದಲ ಸಾಲು, 9:35ಕ್ಕೆ ಎರಡನೆಯದು, ಹೀಗೆ ಹಚ್ಚಿ. ಸೀಟಿ ಬೇಡ, ಸಾಲಿಗೊಬ್ಬರು ಮನೆಮನೆಗೆ ಹೋಗಿ ಹೇಳಲಿ. ಯಾರಾದರೂ ಮೇನ್ ಇಳಿಸಿದ್ದರೆ ಫ್ರಿಜ್, ಪಂಪ್ ಸ್ವಿಚ್ ಆರಿಸಿಕೊಂಡೇ ಮೇನ್ ಹಾಕಲಿ. ಹತ್ತು ನಿಮಿಷ ಬಿಟ್ಟು ಫ್ರಿಜ್ ಹಚ್ಚಲಿ. ಟೈಮರ್ ಪ್ಲಗ್ ಸುಲಭ ಎನ್ನುತ್ತಾರೆ. ಎಲ್ಲರ ಟೈಮರಿಗೂ 9:30 ಇಟ್ಟರೆ ಅದೇ ಕಥೆ. ಬಿಲ್ ಅರ್ಧ ಮಾಡುತ್ತದೆಂದು ಮಾರುವ 'ಪವರ್ ಸೇವರ್' ಡಬ್ಬಿಯನ್ನಂತೂ ಕೊಳ್ಳಲೇಬೇಡಿ, ಅದರಿಂದ ಮನೆಯ ಯೂನಿಟ್ ಇಳಿಯುವುದಿಲ್ಲ.

4. ಟ್ಯಾಂಕ್ ತುಂಬುವುದನ್ನು ಬೆಳಿಗ್ಗೆಗೆ ಬಿಡಿ. ಆ ರಾತ್ರಿ ಗೀಸರ್ ಬೇಡ. ಬಚ್ಚಲಲ್ಲಿ ಹಂಡೆ ಒಲೆ ಇದ್ದವರು ಅದನ್ನೇ ಹೊತ್ತಿಸಿ.